ನಾನೂರ ಹನ್ನೆರಡನೆಯ ಪುಟದ ಕೆಟ್ಟ ಪ್ರತಿ

ಈನಕ್ ಪಿಲಿಂಗರ ಕಾಗದಪತ್ರಗಳು ನಮ್ಮೂರು ಕ್ಲೆಗ್ಡನ್ನಿನ ಲೈಬ್ರರಿಗೆ ಬಂದದ್ದು ಕಲ್ಲಿದ್ದಲಿನ ಗಾಡಿಯಲ್ಲಿ. ನೇಕಾರರ ಸಂಘದವರು ಹಳೆಯ ಕಚೇರಿ ಮಾರಿ ಚಿಕ್ಕ ಜಾಗಕ್ಕೆ ಹೊರಟಾಗ ಹದಿನೇಳು ಪೆಟ್ಟಿಗೆಗಳನ್ನು ನಮ್ಮ ತಲೆಗೆ ಕಟ್ಟಿದರು. ಪಿಲಿಂಗರು ಹತ್ತನೇ ವಯಸ್ಸಿಗೆ ಮಗ್ಗದ ಕೆಳಗಿನ ಕಸ ಗುಡಿಸಲು ಸೇರಿ, ಮುಂದೆ ಸಂಘದ ಕಾರ್ಯದರ್ಶಿಯಾಗಿ, ಕೊನೆಗೆ ನಮ್ಮೂರಿನಿಂದ ಪಾರ್ಲಿಮೆಂಟಿಗೆ ಹೋದವರು. ಮೊದಲ ಮಹಾಯುದ್ಧ ಮುಗಿದ ಚಳಿಗಾಲದ ಜ್ವರಕ್ಕೆ ತೀರಿಕೊಂಡರು. ಮಾರುಕಟ್ಟೆಯ ಎದುರು ಅವರ ಪ್ರತಿಮೆ ಇದೆ. ಪಾರಿವಾಳಗಳಿಗೆ ಅದರಿಂದ ಬಹಳ ಅನುಕೂಲವಾಗಿದೆ.

ಆ ಪೆಟ್ಟಿಗೆಗಳನ್ನು ವಿಂಗಡಿಸಿ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಎರಡು ವರ್ಷ ಹಿಡಿಯಿತು. ಮಂತ್ರಿಗಳಿಗೆ ಬರೆದದ್ದು, ಮಂತ್ರಿಗಳು ಬರೆದದ್ದು, ಕೂಲಿಯ ದರ, ಮುಷ್ಕರದ ನೋಟೀಸು, ಯಾರದೋ ಕೈಬೆರಳು ತುಂಡಾದದ್ದಕ್ಕೆ ಪರಿಹಾರ. ಇಷ್ಟೆಲ್ಲ ಓದಿದ ಮೇಲೂ ಈ ಮನುಷ್ಯನಿಗೆ ಒಂದು ದಿನವಾದರೂ ನೆಗಡಿಯಾಗಿತ್ತೇ, ಯಾರ ಮೇಲಾದರೂ ಆಸೆಯಾಗಿತ್ತೇ ಎನ್ನುವುದು ನನಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಅವರನ್ನು ಕಂಡರೆ ಸಿಟ್ಟೇ ಬರುತ್ತಿತ್ತು. ಎರಡು ವರ್ಷ ದಿನವೂ ಎದುರು ಕೂತು ಒಂದು ಮನಸ್ಸಿನ ಮಾತು ಆಡದವರ ಮೇಲೆ ಬರುವಂಥ ಸಿಟ್ಟು.

ಪತ್ರಗಳನ್ನು ಸಾರ್ವಜನಿಕರು ನೋಡಬಹುದೆಂದು ಪೇಪರಿನಲ್ಲಿ ಪ್ರಕಟಣೆ ಕೊಟ್ಟೆವು. ಮೊದಲ ವಾರ ಯಾರೂ ಬರಲಿಲ್ಲ. ಎರಡನೆಯ ಮಂಗಳವಾರ ಒಬ್ಬ ಮುದುಕಿ ಬಂದಳು. ಕಪ್ಪು ಕೋಟು, ಚರ್ಚಿಗೆ ಹೋಗುವ ಟೋಪಿ, ಕೈಯಲ್ಲಿ ಎಣ್ಣೆಬಟ್ಟೆಯ ಚೀಲ. ಬಾಗಿಲಲ್ಲೇ ನಿಂತು, ನಲವತ್ತು ಅಡಿ ದೂರದಲ್ಲಿದ್ದ ನನ್ನನ್ನು ನೋಡಿ ಬಾಯಿ ಅಗಲಿಸಿ ತುಟಿಯಾಡಿಸಿದಳು. ದನಿಯೇ ಇಲ್ಲ.

ನನ್ನ ಅಮ್ಮ ಮೂವತ್ತು ವರ್ಷ ನೇಯ್ದವಳು. ಮಗ್ಗಗಳ ಗದ್ದಲದಲ್ಲಿ ಕೂಗಿದರೂ ಕೇಳಿಸುವುದಿಲ್ಲ, ಹಾಗಾಗಿ ಮಿಲ್ಲಿನ ಹೆಂಗಸರು ತುಟಿಯಲ್ಲೇ ಮಾತಾಡುತ್ತಾರೆ, ಕಣ್ಣಲ್ಲೇ ಕೇಳುತ್ತಾರೆ. ಅಪ್ಪನ ಬೆನ್ನ ಹಿಂದೆ ಅಮ್ಮ ಹೀಗೆ ಹೇಳಿದ ಮಾತುಗಳನ್ನೆಲ್ಲ ಕೂಡಿಟ್ಟಿದ್ದರೆ ಒಂದು ಗ್ರಂಥವಾಗುತ್ತಿತ್ತು. ಮುದುಕಿ ಕೇಳಿದ್ದು ಇಷ್ಟೇ: ‘ಈನಕ್ ಪಿಲಿಂಗನ ಕಾಗದ ಇರೋದು ಇಲ್ಲೇನಾ?’ ನಾನೂ ದನಿಯಿಲ್ಲದೆ ಹೌದೆಂದೆ. ಓದುವ ಕೋಣೆಯಲ್ಲಿ ಸೂಜಿ ಬಿದ್ದರೂ ಕೆಮ್ಮಿ ಎಚ್ಚರಿಸುವ ನಮ್ಮ ಮುಖ್ಯಸ್ಥರು ಮಿಸ್ಟರ್ ಥಾರ್ನ್‌ಬರ್ ನಮ್ಮಿಬ್ಬರನ್ನೂ ನೋಡಿದರು. ಎಲ್ಲಿ ಕೆಮ್ಮಬೇಕೆಂದು ಅವರಿಗೆ ತೋಚಲಿಲ್ಲ.

ಅವಳ ಹೆಸರು ಕೆಜಾಯಾ ಹಾಲ್‌ಸ್ಟೆಡ್. ಗಿಲ್‌ಫೂಟ್ ಮಿಲ್ಲಿನಲ್ಲಿ ನಲವತ್ತಾರು ವರ್ಷ ನೇಯ್ದವಳು, ಮದುವೆಯಾಗಿಲ್ಲ, ಈಗ ಅರವತ್ತೇಳು. ಸಾವಿರದ ಒಂಬೈನೂರ ಹನ್ನೊಂದನೇ ಇಸವಿಯ ನವೆಂಬರಿನ ಪ್ರತಿಪುಸ್ತಕ ಬೇಕು ಎಂದಳು. ಪ್ರತಿಪುಸ್ತಕ ಎನ್ನುವ ಮಾತು ಅವಳಿಗೆ ಹೇಗೆ ಗೊತ್ತು ಎಂದು ಕೇಳಿದೆ. ‘ಸಂಘದ ಚಂದಾ ಕಟ್ಟಿದೋಳು ನಾನು, ಗೊತ್ತಿರಲ್ವಾ?’ ಎಂದಳು.

ಆಗಿನ ಕಚೇರಿಗಳಲ್ಲಿ ಕಾಗದ ಬರೆಯುತ್ತಿದ್ದದ್ದು ನೇರಳೆ ಬಣ್ಣದ ವಿಶೇಷ ಶಾಯಿಯಲ್ಲಿ. ಅದನ್ನು ಅಂಚೆಗೆ ಹಾಕುವ ಮೊದಲು, ಪುಟಸಂಖ್ಯೆ ಅಚ್ಚಾದ ತೆಳುಹಾಳೆಯ ದಪ್ಪ ಪುಸ್ತಕದಲ್ಲಿಟ್ಟು, ಹಾಳೆ ಸ್ವಲ್ಪ ತೇವ ಮಾಡಿ, ಕಬ್ಬಿಣದ ಒತ್ತುಯಂತ್ರ ತಿರುಗಿಸಿದರೆ ಅದರ ಒಂದು ಪ್ರತಿ ಆ ಪ್ರತಿಪುಸ್ತಕದಲ್ಲಿ ಉಳಿಯುತ್ತಿತ್ತು. ಪ್ರತಿ ಇಲ್ಲದೆ ಒಂದು ಚೀಟಿಯೂ ಹೊರಗೆ ಹೋಗಬಾರದೆಂದು ಸಂಘದ ನಿಯಮ. ಮೂರು ತಿಂಗಳಿಗೊಮ್ಮೆ ಸಮಿತಿಯವರು ಕೂತು ಪುಸ್ತಕ ತಿರುವಿ ನೋಡುತ್ತಿದ್ದರು. ಒಂದು ಹಾಳೆ ಹರಿದರೂ ಕಾರ್ಯದರ್ಶಿ ಎದ್ದು ನಿಂತು ಕಾರಣ ಹೇಳಬೇಕು. ಪಿಲಿಂಗರು ಪಾರ್ಲಿಮೆಂಟಿಗೆ ಹೋದ ಮೇಲೂ ಅದೇ ಪುಸ್ತಕ, ಅದೇ ನಿಯಮ. ಕೈಗೆ ಅಷ್ಟು ರೂಢಿಯಾಗಿತ್ತು.

ನಾನು ಪುಸ್ತಕ ತಂದು ಮೇಜಿನ ಮೇಲಿಟ್ಟಾಗ ಅವಳು ಮುಟ್ಟಲಿಲ್ಲ. ಕೈಗವಸು ತೆಗೆದು, ಮಡಿಚಿ, ಮತ್ತೆ ಬಿಡಿಸಿದಳು. ಆಮೇಲೆ ತಾನು ಹುಡುಕುತ್ತಿರುವುದು ಏನೆಂದು ತುಟಿಯಲ್ಲೇ ಹೇಳಿದಳು. ಮಿಸ್ಟರ್ ಥಾರ್ನ್‌ಬರ್ ಪಕ್ಕದ ಮೇಜಿನಲ್ಲೇ ಇದ್ದರು. ಅವರಿಗೆ ಒಂದು ಅಕ್ಷರವೂ ಸಿಗಲಿಲ್ಲ.

ಮಿಲ್ಲುಗಳಲ್ಲಿ ಆಗ ಶೆಡ್ಡಿನೊಳಗೆ ಹಬೆ ಬಿಡುತ್ತಿದ್ದರು. ಹಾಸಿನ ನೂಲಿಗೆ ಹಾಕಿದ ಗಂಜಿ ಒಣಗಿದರೆ ಎಳೆ ಪಟಪಟ ಹರಿಯುತ್ತದೆ, ಅದಕ್ಕೆ. ನೂಲು ಚೆನ್ನಾಗಿರುತ್ತಿತ್ತು, ನೇಯುವವರು ಕೆಮ್ಮಿ ಸಾಯುತ್ತಿದ್ದರು. ಎಷ್ಟು ಹಬೆ ಬಿಡಬಹುದೆಂದು ಕಾನೂನಿತ್ತು. ಗೋಡೆಗೆ ಎರಡು ಥರ್ಮಾಮೀಟರು ತೂಗುಹಾಕಿರುತ್ತಿದ್ದರು, ಒಂದರ ಬುಡ್ಡೆ ಒಣಗಿದ್ದು, ಇನ್ನೊಂದರದ್ದು ಒದ್ದೆಬಟ್ಟೆ ಸುತ್ತಿದ್ದು. ಎರಡರ ಅಂತರ ಕಮ್ಮಿಯಾದಷ್ಟೂ ಗಾಳಿಯಲ್ಲಿ ತೇವ ಹೆಚ್ಚು. ಮೇಲ್ವಿಚಾರಕ ಅಳತೆ ನೋಡಿ ತನಗೆ ಬೇಕಾದ ಅಂಕಿ ಬರೆಯುತ್ತಿದ್ದ. ಕೆಜಾಯಾ ದಿನಕ್ಕೆ ಮೂರು ಸಲ ಕದ್ದು ನೋಡಿ ನಿಜವಾದ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಮನೆಗೆ ಹೋಗಿ ಬರೆದು, ವಾರಕ್ಕೊಮ್ಮೆ ಪಿಲಿಂಗರಿಗೆ ಅಂಚೆಯಲ್ಲಿ ಕಳಿಸುತ್ತಿದ್ದಳು. ಗೊತ್ತಾಗಿದ್ದರೆ ಕೆಲಸ ಹೋಗುತ್ತಿತ್ತು. ಹಬೆ ನಿಲ್ಲಿಸುವ ಮಸೂದೆಗಾಗಿ ಅವರು ಪಾರ್ಲಿಮೆಂಟಿನಲ್ಲಿ ಆ ಅಂಕಿಗಳನ್ನು ಹೆಸರಿಲ್ಲದೆ ಓದುತ್ತಿದ್ದರು. ಪ್ರತಿ ವಾರ ಅವಳಿಗೆ ಒಂದು ಸಾಲಿನ ಉತ್ತರ: ಅಂಕಿಗಳು ತಲುಪಿದವು, ವಂದನೆಗಳು, ಈ. ಪಿಲಿಂಗ್.

ಆ ಹಾಳೆಗಳು ನನಗೆ ಗೊತ್ತಿದ್ದವು. ಹನ್ನೊಂದನೇ ಪೆಟ್ಟಿಗೆ ಪೂರ್ತಿ ಅವೇ. ಪಟ್ಟಿಯಲ್ಲಿ ‘ಉಷ್ಣಾಂಶದ ಅಂಕಿಗಳು, ಸುಮಾರು ಐನೂರು ಹಾಳೆ, ಕೆ. ಹೆಚ್. ಎಂಬುವರಿಂದ’ ಎಂದು ಬರೆದಿದ್ದೆ. ಕೆ. ಹೆಚ್. ಯಾರೋ ಇನ್‌ಸ್ಪೆಕ್ಟರ್ ಇರಬೇಕೆಂದುಕೊಂಡಿದ್ದೆ, ಗಂಡಸು. ಅದನ್ನು ಹೇಳಲು ನಾಚಿಕೆಯಾಗಿ ಹೇಳದೆ ಬಿಟ್ಟೆ.

‘ಮೂರು ವರ್ಷ ಆದ್ಮೇಲೆ ಒಂದಿನ ಅಂಕಿ ಹಾಳೆ ಜೊತೆ ಇನ್ನೊಂದು ಕಾಗದ ಇಟ್ಟೆ,’ ಎಂದಳು. ‘ಅವನು ಒಂಟಿ. ಕಚೇರೀಲಿ ಬೋಗುಣಿಯಿಂದಾನೇ ತಣ್ಣಗಿನ ಆಲೂಗೆಡ್ಡೆ ತಿಂತಿದ್ದ, ನಾನೇ ಕಿಟಕೀಲಿ ನೋಡಿದ್ದೆ. ನಂಗೆ ಇಪ್ಪತ್ತೈದು. ಮಿಲ್ಲಲ್ಲಿ ನಾಲ್ಕು ಮಗ್ಗ ನೋಡ್ಕೋತೀನಿ, ಕೆಮ್ಮಿಲ್ಲ, ಅಡುಗೆ ಬರುತ್ತೆ, ನೀವು ಒಪ್ಪಿದ್ರೆ ನಾನು ಒಪ್ಪಿದೀನಿ ಅಂತ ಬರೆದೆ.’

‘ನೀವೇ ಕೇಳಿದ್ರಾ?’

‘ಅವನು ಕೇಳೋ ಹೊತ್ತಿಗೆ ಇಬ್ಬರೂ ಹೂತು ಹೋಗಿರ್ತಿದ್ವಿ, ಮಗಾ.’

ಮುಂದಿನ ವಾರ ಬಂದ ಉತ್ತರ ಎಂದಿನಂತೆಯೇ ಇತ್ತು. ಅಂಕಿಗಳು ತಲುಪಿದವು, ವಂದನೆಗಳು. ಇನ್ನೊಂದು ಕಾಗದದ ಸುದ್ದಿಯೇ ಇಲ್ಲ. ಅವರೇ ಓದಿದರೋ, ಗುಮಾಸ್ತ ಒಡೆದು ನಕ್ಕು ಒಲೆಗೆ ಹಾಕಿದನೋ, ಓದಿಯೂ ಸುಮ್ಮನಿದ್ದರೋ. ಕೇಳಲು ಅವಳಿಗೆ ಮುಖವಿರಲಿಲ್ಲ. ಎರಡನೇ ಸಲ ಬರೆಯಲು ಮಾನ ಬಿಡಲಿಲ್ಲ. ಅಂಕಿ ಕಳಿಸುವುದನ್ನಂತೂ ನಿಲ್ಲಿಸಲಿಲ್ಲ. ಮಸೂದೆ ಎರಡು ಸಲ ಬಿತ್ತು, ಯುದ್ಧ ಬಂತು, ಅವರು ಸತ್ತರು. ಅಲ್ಲಿಯವರೆಗೂ ವಾರವಾರವೂ ಕಳಿಸಿದಳು. ದಾರಿಯಲ್ಲಿ ಎದುರಾದರೆ ಅವರು ಟೋಪಿ ತೆಗೆಯುತ್ತಿದ್ದರಂತೆ, ಸಂಘದ ಎಲ್ಲ ಹೆಂಗಸರಿಗೂ ತೆಗೆಯುವಂತೆಯೇ. ನಲವತ್ತೆರಡು ವರ್ಷಗಳಿಂದ ಅವಳಿಗೆ ಬೇಕಾಗಿದ್ದದ್ದು ಒಂದೇ. ಅವರು ಆ ಕಾಗದಕ್ಕೆ ಏನಾದರೂ ಉತ್ತರ ಬರೆದಿದ್ದರೇ?

ಪುಟ ತಿರುವಿದೆವು. ನವೆಂಬರ್ ಇಪ್ಪತ್ತೇಳು. ನಾನೂರ ಹದಿಮೂರನೇ ಪುಟದಲ್ಲಿ ಅವಳಿಗೆ ಬಂದ ಅದೇ ಒಂದು ಸಾಲು, ತೆಳುಹಾಳೆಯ ಮೇಲೆ ನೇರಳೆ ಬಣ್ಣದಲ್ಲಿ. ಅದನ್ನು ನೋಡಿ ಅವಳ ಭುಜ ಇಳಿದುಹೋಯಿತು. ನಾನು ಸಾಂತ್ವನಕ್ಕೆ ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳ ಬೆರಳು ಹಿಂದಿನ ಪುಟಕ್ಕೆ ಹೋಯಿತು. ನಾನೂರ ಹನ್ನೆರಡರ ಮೇಲೆ ದಪ್ಪ ಕಂದು ಕಾಗದ ಅಂಟಿಸಿತ್ತು. ಅದರ ಮೇಲೆ ‘ಕೆಟ್ಟ ಪ್ರತಿ’ ಎಂಬ ಬರಹ, ಪಿಲಿಂಗರ ಸಹಿ. ಒತ್ತುವಾಗ ನೀರು ಹೆಚ್ಚಾಗಿ ಅಕ್ಷರ ಕಲೆಸಿದರೆ ಹಾಗೆ ಬರೆಯುವುದು ವಾಡಿಕೆ, ಅದರಲ್ಲಿ ವಿಶೇಷವಿಲ್ಲ ಎಂದೆ.

‘ಬೇರೆ ಕೆಟ್ಟ ಪ್ರತಿಗಳ್ನ ತೋರ್ಸು,’ ಎಂದಳು.

ಆ ಪುಸ್ತಕದಲ್ಲಿ ಇನ್ನೂ ಐದಿದ್ದವು. ಐದಕ್ಕೂ ಮೂಲೆಯಿಂದ ಮೂಲೆಗೆ ಒಂದು ಗೀಟು ಎಳೆದು ಸಹಿ ಹಾಕಿದ್ದರು. ಕಾಗದ ಅಂಟಿಸಿದ್ದು ಇದೊಂದಕ್ಕೇ, ನಾಲ್ಕೂ ಅಂಚಿಗೆ, ಒಂದು ಉಗುರೂ ತೂರದಂತೆ. ಎರಡು ವರ್ಷ ಪಟ್ಟಿ ಮಾಡಿದವಳು ನಾನು, ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ. ಅವಳು ಬೆರಳು ನಾಲಿಗೆಗೆ ಮುಟ್ಟಿಸಿ, ಕಾಗದದ ಮೂಲೆ ಸವರಿ, ಮತ್ತೆ ನಾಲಿಗೆಗೆ ಇಟ್ಟಳು. ಮಿಸ್ಟರ್ ಥಾರ್ನ್‌ಬರ್ ಈ ಸಲ ಕೆಮ್ಮಿದರು.

‘ಹಿಟ್ಟಿನ ಗಂಜಿ,’ ಎಂದಳು, ದನಿ ತೆಗೆದು.

ಥಾರ್ನ್‌ಬರ್ ತಮ್ಮ ಕೋಣೆಗೆ ಎದ್ದುಹೋದಾಗ ನಾನೂ ಹಿಂದೆಯೇ ಹೋಗಿ ಕೇಳಿದೆ. ಆ ಕಾಗದ ಬಿಡಿಸಬಹುದೇ? ಅವರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಪ್ರತಿ ಎಂದು ಸ್ವತಃ ಪಾರ್ಲಿಮೆಂಟ್ ಸದಸ್ಯರೇ ಬರೆದಿರುವಾಗ ಅದನ್ನು ಪ್ರಶ್ನಿಸಲು ನಾವು ಯಾರು ಎಂದರು. ಆ ಶಾಯಿಗೆ ನೀರು ಸೋಕಿದರೆ ನೇರಳೆಹಣ್ಣು ತಿಂದ ಮಗುವಿನ ಬಾಯಿಯಂತಾಗುತ್ತದೆ, ಉಳಿದ ಪುಟಗಳೂ ಹಾಳಾಗುತ್ತವೆ ಎಂದರು. ಎರಡನೆಯ ಮಾತು ನಿಜವಾಗಿತ್ತು. ಬೇಕಾದರೆ ಸಮಿತಿಗೆ ಅರ್ಜಿ ಕೊಡಿ, ವಸಂತಕಾಲದ ಸಭೆಯಲ್ಲಿ ಇಡೋಣ ಎಂದು ಮುಗಿಸಿದರು. ಕೆಜಾಯಾಗೆ ಹೇಳಿದೆ. ‘ವಸಂತಕ್ಕೆ ನಾನಿರ್ತೀನಾ ಅಂತ ಆ ಸಮಿತೀನ ಕೇಳು,’ ಎಂದಳು. ಕಣ್ಣಲ್ಲಿ ನೀರಿತ್ತು.

ನಾನು ನಿಯಮ ಮುರಿಯುವವಳಲ್ಲ. ತಡವಾಗಿ ಪುಸ್ತಕ ಹಿಂತಿರುಗಿಸಿದ ಪಾದ್ರಿಯಿಂದಲೂ ದಂಡ ವಸೂಲಿ ಮಾಡಿದವಳು. ಆದರೂ ಬುಧವಾರ ಮಧ್ಯಾಹ್ನ ಊರಿನ ಅಂಗಡಿಗಳ ಜೊತೆ ಲೈಬ್ರರಿಯೂ ಬಾಗಿಲು ಹಾಕುತ್ತದೆ, ಥಾರ್ನ್‌ಬರ್ ಹುಲ್ಲಿನ ಮೇಲೆ ಚೆಂಡುರುಳಿಸುವ ಬೌಲ್ಸ್ ಆಡಲು ಹೋಗುತ್ತಾರೆ, ಹಿಂಬಾಗಿಲಿನ ಬೀಗದ ಕೈ ನನ್ನ ಹತ್ತಿರ ಇರುತ್ತದೆ ಎಂದು ಅವಳಿಗೆ ಹೇಳಿದೆ. ಯಾಕೆ ಹೇಳಿದೆನೆಂದರೆ, ಈ ಪಿಲಿಂಗ್ ಒಮ್ಮೆಯಾದರೂ ಬಾಯಿಬಿಡಲಿ ಎಂದು ನನಗೂ ಇತ್ತು.

ಬುಧವಾರ ಅವಳು ಒಂದು ಗಂಟೆಗೆ ಸರಿಯಾಗಿ ಬಂದಳು. ಚೀಲದಲ್ಲಿ ನಾಲ್ಕು ಟವೆಲ್, ಒಂದು ತುಂಡು ಶುಂಠಿ ಕೇಕು. ಚಹಾ ಮಾಡುವ ಹಿಂದಿನ ಕೋಣೆಗೆ ಪುಸ್ತಕ ಒಯ್ದೆವು. ನಾನು ಕೆಟಲ್ ಇಟ್ಟು ಅದರ ಮೂತಿಗೆ ಪುಟ ಹಿಡಿಯಲು ಹೊರಟೆ. ಅವಳು ನನ್ನ ಕೈಗೆ ಒಂದು ಏಟು ಕೊಟ್ಟಳು.

‘ಹಂಗೆ ಹಬೆ ಹಿಡಿದ್ರೆ ಎಳೇನೂ ಉಳಿಯಲ್ಲ, ಶಾಯೀನೂ ಉಳಿಯಲ್ಲ. ಗಂಜಿಗೆ ನೀರು ಬೇಡ ಕಣೆ, ಗಾಳಿ ತೇವ ಇದ್ರೆ ಸಾಕು. ತಾನಾಗೇ ಬಿಡುತ್ತೆ. ನಲವತ್ತಾರು ವರ್ಷ ಅದರಲ್ಲೇ ನಿಂತಿದೀನಿ.’

ಕಿಟಕಿ ಮುಚ್ಚಿಸಿದಳು. ಟವೆಲ್ ಒದ್ದೆ ಮಾಡಿ ಬಿಸಿ ಕೊಳವೆಯ ಮೇಲೆ ಹರಡಿದಳು. ಕೆಟಲ್ ಅನ್ನು ದೂರದ ಮೂಲೆಗೆ ತಳ್ಳಿ ಸಣ್ಣ ಉರಿಯಲ್ಲಿಟ್ಟಳು. ಪುಸ್ತಕವನ್ನು ಕಪಾಟಿನ ಮೇಲೆ ನಿಲ್ಲಿಸಿ ಆ ಪುಟವನ್ನಷ್ಟೇ ತೆರೆದು, ಉಳಿದ ಪುಟಗಳನ್ನು ಒಣಬಟ್ಟೆಯಲ್ಲಿ ಸುತ್ತಿದಳು. ಥರ್ಮಾಮೀಟರು ಬೇಡವೇ ಎಂದರೆ ತನ್ನ ಕುತ್ತಿಗೆಯ ಹಿಂಭಾಗ ಮುಟ್ಟಿ ತೋರಿಸಿದಳು. ಅರ್ಧ ಗಂಟೆಯಾದ ಮೇಲೆ, ಫ್ಯಾರನ್‌ಹೀಟಿನಲ್ಲಿ ಒಣದು ಎಂಬತ್ತು, ಒದ್ದೆಯದು ಎಪ್ಪತ್ತೆಂಟು ಎಂದಳು, ಗಿಲ್‌ಫೂಟಿನ ಶೆಡ್ಡಿಗಿಂತ ಒಂದು ಡಿಗ್ರಿ ಕಮ್ಮಿ. ನನ್ನ ಕೂದಲು ಹಣೆಗೆ ಅಂಟಿತ್ತು. ಅವಳು ಕೇಕು ಮುರಿದು ಅರ್ಧ ನನಗೆ ಕೊಟ್ಟಳು. ಇಬ್ಬರೂ ಬೆವರುತ್ತಾ ತಿಂದೆವು.

ಕಾಯುವಾಗ ಒಮ್ಮೆ, ‘ಇಲ್ಲ ಅಂತ ಬರೆದಿದ್ರೂ ಪರವಾಗಿಲ್ಲ. ನಂಗೆ ಅಂತ ಬರೆದಿರ್ಬೇಕು ಅಷ್ಟೆ,’ ಎಂದಳು. ಅರವತ್ತೇಳು ವರ್ಷದ ಹೆಂಗಸು ಅಷ್ಟು ಕಮ್ಮಿ ಬೇಡುವುದನ್ನು ಕೇಳಲು ನನ್ನಿಂದಾಗಲಿಲ್ಲ. ಎದ್ದು ಹೋಗಿ ಸುಮ್ಮನೆ ಲೋಟ ತೊಳೆದೆ.

ಮೂರು ಗಂಟೆಗೆ ಕಂದು ಕಾಗದದ ಮೇಲಿನ ಅಂಚು ಸ್ವಲ್ಪ ಬಾಗಿತು. ಅವಳು ಕಾಗದ ಕತ್ತರಿಸುವ ಮೂಳೆಯ ಚಾಕು ಕೇಳಿ ತೆಗೆದುಕೊಂಡಳು. ಹರಿದ ಎಳೆ ಕಟ್ಟಿ ಪಳಗಿದ ಬೆರಳುಗಳು ಅವು. ಇಂಚಿಂಚಾಗಿ ಬಿಡಿಸಿದಳು, ಒಂದು ಅಂಚು, ಇನ್ನೊಂದು ಅಂಚು. ಕೊನೆಯ ಮೂಲೆಯಲ್ಲಿ ಶಾಯಿ ಸ್ವಲ್ಪ ಹರಡಿ ತಾರೀಖು ಅಳಿಯಿತು. ಕಾಗದ ಕೈಗೆ ಬಂತು. ಅದರ ಕೆಳಗೆ ಇಡೀ ಪುಟ ಬರಹ, ಆ ತಾರೀಖು ಬಿಟ್ಟರೆ ಒಂದು ಅಕ್ಷರವೂ ಕಲೆಸಿರಲಿಲ್ಲ. ಅದು ಕೆಟ್ಟ ಪ್ರತಿಯೇ ಆಗಿರಲಿಲ್ಲ.

ಅವಳು ನೋಡಿದಳು, ಕನ್ನಡಕದ ಮೇಲೆ ಹಬೆ ಕೂತಿತ್ತು, ಒರೆಸಿ ಮತ್ತೆ ನೋಡಿದಳು. ಅಕ್ಷರ ಹಿಡಿಯುತ್ತಿಲ್ಲ, ನೀನೇ ಓದು, ಆದರೆ ದನಿ ಬೇಡ ಎಂದಳು. ಅವಳಿಗೆ ಎದುರಾಗಿ ಕೂತು ತುಟಿಯಲ್ಲೇ ಓದಿದೆ.

‘ಮಿಸ್ ಹಾಲ್‌ಸ್ಟೆಡ್ ಅವರಿಗೆ. ನಿಮ್ಮ ಪತ್ರ ತಲುಪಿತು. ನೀವು ಕೇಳಿದ್ದಕ್ಕೆ ನನ್ನ ಉತ್ತರ ಹೌದು. ನೀವು ಕೇಳುವ ಮೊದಲಿನಿಂದಲೂ ಹೌದು. ನಿಮ್ಮ ಹಾಳೆ ತರುವ ಶನಿವಾರದ ಅಂಚೆಯ ಹೊತ್ತಿಗೆ ನಾನು ಬೇರೆ ಯಾರನ್ನೂ ಬರಹೇಳುವುದಿಲ್ಲ. ಆದರೆ ಒಂದು ತೊಡಕಿದೆ. ಮಸೂದೆಯ ಪರವಾಗಿ ನನ್ನ ಕೈಯಲ್ಲಿರುವುದು ನಿಮ್ಮ ಅಂಕಿಗಳು ಮಾತ್ರ. ಹೆಂಡತಿ ಬರೆದುಕೊಟ್ಟ ಅಂಕಿಯನ್ನು ಯಾವ ಸಭೆಯೂ ನಂಬುವುದಿಲ್ಲ. ಹಿಂದಿನ ಮೂರು ವರ್ಷದ್ದೂ ಸುಳ್ಳೆಂದು ಮಾಲೀಕರು ಕೂಗುತ್ತಾರೆ. ಗಿಲ್‌ಫೂಟ್ ಶೆಡ್ಡಿನಲ್ಲಿ ಈ ಕೆಲಸಕ್ಕೆ ನೀವಲ್ಲದೆ ಇನ್ನೊಬ್ಬರಿಲ್ಲ. ಊರಿನ ಹನ್ನೊಂದು ಸಾವಿರ ನೇಕಾರರ ಉಸಿರಿನ ಪ್ರಶ್ನೆ. ಯಾವುದನ್ನು ಬಿಡಬೇಕೆಂದು ನೀವೇ ಹೇಳಿ, ಹಾಗೆ ನಡೆದುಕೊಳ್ಳುತ್ತೇನೆ. ನಿಮ್ಮವನು, ಈನಕ್.’

ಬರೆದಿದ್ದಾರೆ, ಒತ್ತುಯಂತ್ರಕ್ಕೆ ಇಟ್ಟು ತಿರುಗಿಸಿದ್ದಾರೆ, ನಿಯಮದಂತೆ. ಆಮೇಲೆ ಹನ್ನೊಂದು ಸಾವಿರ ಜನರ ಭಾರವನ್ನು ಒಬ್ಬ ಹುಡುಗಿಯ ತಲೆಗೆ ಹೊರಿಸಬಾರದು ಅನ್ನಿಸಿ ಅಂಚೆಗೆ ಹಾಕದೆ ಬಿಟ್ಟಿರಬೇಕು. ಹಾಳೆ ಹರಿಯುವಂತಿಲ್ಲ, ಸಮಿತಿಯವರು ಓದುವಂತೆಯೂ ಇಲ್ಲ. ಗಂಜಿ ಕಲೆಸಿ ಮುಚ್ಚಿದ್ದಾರೆ. ಮುಂದಿನ ಪುಟದಲ್ಲಿ ಅಂಕಿಗಳು ತಲುಪಿದವು, ವಂದನೆಗಳು.

ಟವೆಲ್‌ಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಎದ್ದು ಕಿಟಕಿ ತೆಗೆದೆ.

‘ಇನ್ನೊಬ್ಬರಿಲ್ಲ ಅಂತ ಅವನಿಗೆ ಯಾರು ಹೇಳಿದ್ರು?’ ಎಂದಳು ಕೆಜಾಯಾ. ‘ನನ್ನ ಬೆನ್ನಿಗೇ ಬೆನ್ನು ಹಾಕ್ಕೊಂಡು ಲೆಟಿಸ್ ಗ್ರಿಮ್‌ಶಾ ನಿಂತಿರ್ತಿದ್ಲು. ಅವಳಿಗೆ ಕಣ್ಣಿರಲಿಲ್ವಾ? ನಾನು ಜ್ವರ ಬಂದು ಮಲಗಿದ ವಾರ ಅವಳೇ ಓದಿ ತಂದುಕೊಟ್ಟಿದ್ದು. ಒಂದು ಅಂಕಿ ತಪ್ಪಿರಲಿಲ್ಲ. ಒಂದು ಮಾತು ಕೇಳಿದ್ರೆ ಸಾಕಿತ್ತಲ್ಲೇ.’

ಇಡೀ ಪಾರ್ಲಿಮೆಂಟಿನ ಎದುರು ನಿಂತು ಮಾತಾಡಿದ ಮನುಷ್ಯನಿಗೆ ಇದನ್ನೊಂದು ಕೇಳಲು ಬಾಯಿ ಬರಲಿಲ್ಲ.

‘ನಾನೋ ವಾರ ತಪ್ಪದೆ ಕಳಿಸ್ತಾನೇ ಇದ್ದೆ,’ ಎಂದಳು ಅವಳು. ‘ಅದನ್ನ ನೋಡಾದ್ರೂ ಮನಸ್ಸು ಕರಗುತ್ತೆ ಅಂತ. ಏಳು ವರ್ಷ, ಮಗಾ. ಏಳು ವರ್ಷ ನಾನೇ ಸ್ಟಾಂಪ್ ಹಚ್ಚಿ ನನ್ನ ಮದುವೆ ನಿಲ್ಸಿದೀನಿ.’

ನಾನು ಅವಳ ಕೈ ಹಿಡಿದುಕೊಂಡೆ. ಒದ್ದೆಯಾಗಿತ್ತು, ನನ್ನದೂ. ಥಾರ್ನ್‌ಬರ್ ಬರುವ ಹೊತ್ತಾಗುತ್ತಿತ್ತು, ಕಂದು ಕಾಗದ ಮತ್ತೆ ಅಂಟಿಸುವುದೋ ಬೇಡವೋ ಎಂದು ನನಗಿನ್ನೂ ತೀರ್ಮಾನವಾಗಿರಲಿಲ್ಲ. ಅವಳು ಕೈ ಬಿಡಿಸಿಕೊಂಡು ಟೋಪಿ ಸರಿಮಾಡಿಕೊಂಡಳು, ಕುರ್ಚಿಯನ್ನು ನನ್ನ ಹತ್ತಿರ ಎಳೆದಳು.

‘ಇನ್ನೊಂದ್ಸಲ ಓದು. ಈ ಸಲ ದನಿ ತೆಗೆದು, ಜೋರಾಗಿ. ಹೌದು ಅನ್ನೋ ತನಕ ಮಾತ್ರ ಓದು. ಮುಂದಿಂದು ಬೇಡ.’

ನಾನು ಅವಳ ಹೆಸರಿನಿಂದ ಶುರುಮಾಡಿ ಓದಿದೆ. ಹೌದು ಎನ್ನುವಲ್ಲಿಗೆ ನಿಲ್ಲಿಸಿದೆ.